ಸೀಟು ಬಿಡದ ಹೆಂಗಸಿನ ಪಾತ್ರ

ನಡೆದದ್ದು ಇಷ್ಟೇ: ಕರಿಯರ ಇತಿಹಾಸ ಕಲಿಸುತ್ತೇವೆಂದು ಹೇಳಿ, ತರಗತಿಯ ಕರಿ ಹುಡುಗಿಯನ್ನು ಹಿಂದಕ್ಕೆ ನಿಲ್ಲಿಸಿದರು. ಉಳಿದದ್ದೆಲ್ಲ ಅಲಂಕಾರ.

ಇವತ್ತು ಪುಣೆಯಲ್ಲಿ, ನಮ್ಮ ಬಿಬವೇವಾಡಿಯ ಮಾರ್ಕೆಟ್ಟಿನಲ್ಲಿ ಭಜಿ ಗಾಡಿಯವನು ಕಡಲೆಹಿಟ್ಟು ಕಲಸುತ್ತಿದ್ದ. ಆ ಹಸಿ ವಾಸನೆಗೆ ನಿಮಗೆ ಬಾಯಲ್ಲಿ ನೀರು ಬಂದೀತು. ನನಗೆ ಮುಖ ಉರಿಯುತ್ತದೆ. ಹೆಣ್ಣು ನೋಡಲು ಯಾರಾದರೂ ಬರುತ್ತಾರೆಂದರೆ ನಮ್ಮವ್ವ ಇದೇ ಹಿಟ್ಟಿಗೆ ಅರಿಶಿನ ಸೇರಿಸಿ ನನ್ನ ಕೆನ್ನೆಯನ್ನು ಮಸಿ ಹಿಡಿದ ಗಡಿಗೆಯಂತೆ ತಿಕ್ಕುತ್ತಿದ್ದಳು. ಬಣ್ಣ ಹೋಗಲಿಲ್ಲ, ಚರ್ಮ ಹೋಯಿತು. ಕೊನೆಗೆ ಒಪ್ಪಿದವನು ತಾನೇ ಕಾಗೆಯಂತಿದ್ದ, ಆದರೂ ಸಾಯುವ ತನಕ ನನ್ನನ್ನು ಕರಿಮಾರಿ ಎಂದೇ ಕರೆದ. ಅವನ ಹಿಂದೆಯೇ ಈ ಊರಿಗೆ ಬಂದು ಇಟ್ಟಿಗೆ ಹೊತ್ತೆ. ಇರಲಿ, ಅವನ ಮಾತು ಈಗ ಬೇಡ.

ಮೊಮ್ಮಗಳು ಶರಣಿ ಮೂರನೇ ಇಯತ್ತೆ. ಕಳೆದ ವರ್ಷ ಶಾಲೆಯಲ್ಲಿ ದೂರದ ದೇಶದ ಕಥೆ ಹೇಳಿದ್ದರು. ಅಲ್ಲಿ ಬಸ್ಸಿನಲ್ಲಿ ಕರಿಯರು ಬಿಳಿಯರಿಗೆ ಸೀಟು ಬಿಡಬೇಕಿತ್ತಂತೆ. ಒಬ್ಬ ಹೆಂಗಸು ಏಳಲೇ ಇಲ್ಲವಂತೆ. ಅದನ್ನು ನಾಟಕ ಮಾಡುತ್ತಾರೆಂದು ಗೊತ್ತಾದದ್ದೇ, ಇವಳು ಮನೆಯಲ್ಲಿ ಮಣೆ ಹಾಕಿಕೊಂಡು ಕೂತು ಅಭ್ಯಾಸ ಶುರುಮಾಡಿದಳು.

"ನಾ ಏಳಂಗಿಲ್ಲ."

"ಊಟಕ್ಕ ಏಳಲಿಲ್ಲಂದ್ರ ರೊಟ್ಟಿ ನಾಯಿಗೆ ಹಾಕ್ತೀನಿ ನೋಡು."

"ಹಾಕು. ನಾ ಏಳಂಗಿಲ್ಲ."

ಪಾತ್ರ ಹಂಚಿದ ದಿನ ಆ ಹೆಂಗಸಿನ ವೇಷ ಸಿಕ್ಕಿದ್ದು ಕೆಂಪಗಿನ ಇನ್ನೊಬ್ಬ ಹುಡುಗಿಗೆ. ಸ್ಟೇಜಿನ ಮೇಲೆ ಅವಳು ಚಂದ ಕಾಣುತ್ತಾಳಂತೆ, ಮುಖಕ್ಕೆ ಕಾಡಿಗೆ ಬಳಿದರಾಯಿತಂತೆ. ಶರಣಿ ಹಿಂದಿನ ಸಾಲಿನಲ್ಲಿ, ಬಸ್ಸಿಗಿಂತ ಹಿಂದಿನ ಕಾಲದ ಗುಲಾಮರ ಜೊತೆ, ಕಾಗದದ ಸರಪಳಿ ಹಾಕಿಕೊಂಡು ನಿಲ್ಲಬೇಕು. "ತುಲಾ ರಂಗ್ ನಕೋ ಗ," ನಿನಗೆ ಬಣ್ಣ ಬೇಡ ಬಿಡು, ಎಂದು ಟೀಚರು ಅಂದಾಗ ಮಕ್ಕಳೆಲ್ಲ ನಕ್ಕರಂತೆ. ಟೀಚರು ಕೆಟ್ಟವಳಲ್ಲ. ಅವಳಿಗೆ ಅದು ಹೊಳೆಯಲೇ ಇಲ್ಲ, ಅಷ್ಟೆ. ಅದೇ ಕಷ್ಟ.

ಸಂಜೆ ನೋಡುತ್ತೇನೆ, ಹುಡುಗಿ ಬಚ್ಚಲಲ್ಲಿ ಕಡಲೆಹಿಟ್ಟಿನ ಡಬ್ಬಿ ಇಟ್ಟುಕೊಂಡು ಕೂತಿದ್ದಾಳೆ. ಕೆನ್ನೆ ತರಚಿತ್ತು.

"ಇನ್ನ ಸಾಲಿಗೆ ಹೋಗಂಗಿಲ್ಲ," ಎಂದಳು. ಮತ್ತೆ ಡಬ್ಬಿಗೆ ಕೈ ಹಾಕುತ್ತ, "ಅಜ್ಜಿ, ಆ ಕರಿ ಹೆಂಗಸಿನ ಪಾರ್ಟ್ ಸಿಗಬೇಕಂದ್ರ ನಾ ಎಷ್ಟ ಬೆಳ್ಳಗ ಆಗಬೇಕು?"

ಸಮಾಧಾನ ಹೇಳುವುದು ನನಗೆ ಬರುವುದಿಲ್ಲ. ಡಬ್ಬಿ ಕಸಿದುಕೊಂಡು ಮುಖ ತೊಳೆದೆ.

ಮರುದಿನ ಬೆಳಿಗ್ಗೆ ಅವಳ ರಟ್ಟೆ ಹಿಡಿದು ಶಾಲೆಗೆ ಕರೆದುಕೊಂಡು ಹೋದೆ. ತರಗತಿಯ ಬಾಗಿಲಲ್ಲಿ ನಿಂತು, ಎಲ್ಲ ಮಕ್ಕಳ ಎದುರಿಗೆ, ಅವಳು ಕೇಳಿದ್ದನ್ನೇ ನನ್ನ ಮುರುಕು ಮರಾಠಿಯಲ್ಲಿ ಟೀಚರಿಗೆ ಕೇಳಿದೆ. ಕೇಳಿ, ಉತ್ತರಕ್ಕೆ ಕಾಯುತ್ತ ಅಲ್ಲೇ ನಿಂತೆ.