ಮಾತಿನಮಲ್ಲನ ಕ್ಷೌರದಂಗಡಿ

ಆ ಕ್ಷೌರಿಕನನ್ನು ಬೀದಿಯವರೆಲ್ಲ ಮಾತಿನಮಲ್ಲ ಎಂದೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷಗಳಿಂದ ಒಂದೇ ಕುರ್ಚಿ, ಒಂದೇ ಕನ್ನಡಿ. ಕತ್ತರಿ ನಿಂತರೂ ಬಾಯಿ ನಿಲ್ಲುತ್ತಿರಲಿಲ್ಲ. ಎದುರಿನ ಕಟ್ಟಡದ ಎರಡನೇ ಮಹಡಿಯಲ್ಲಿ ಏಸಿ ಸಲೂನ್ ತೆರೆದ ತಿಂಗಳೊಳಗೆ ಅವನ ಅಂಗಡಿಯ ಬೆಂಚು ಅರ್ಧ ಖಾಲಿಯಾಯಿತು.

"ನಾವೂ ಏಸಿ ಹಾಕಿಸಿಬಿಡೋಣ," ಎಂದ.

ಅವನ ಹೆಂಡತಿ ನರ್ಸ್ ಆಗಿದ್ದವಳು, ಆಗಷ್ಟೇ ನಿವೃತ್ತಳಾಗಿದ್ದಳು. "ರೋಗ ಏನೂಂತ ನೋಡ್ದೆ ಔಷಧಿ ಕೊಡ್ತಾರೇನ್ರೀ? ಮೊದ್ಲು ನಮ್ಮಲ್ಲಿ ಏನಿದೆ, ಏನಿಲ್ಲ ನೋಡೋಣ. ಆಮೇಲೆ ಹೊರಗೆ ಏನು ನಡೀತಿದೆ ನೋಡೋಣ."

ಮರುದಿನ ಬೆಳಿಗ್ಗೆಯೆಲ್ಲ ಬೆಂಚಿನ ಮೂಲೆಯಲ್ಲಿ ಕುಳಿತು, ಮಧ್ಯಾಹ್ನ ಊಟಕ್ಕೆ ಕೂತಾಗ ವರದಿ ಒಪ್ಪಿಸಿದಳು. "ನಿಮ್ಮ ಕೈ ಬಂಗಾರ. ಶೇವ್ ಮಾಡ್ತಿದ್ರೆ ಜನ ನಿದ್ದೆ ಹೋಗ್ತಾರೆ. ಆದ್ರೆ ಕುರ್ಚಿ ಕಿರುಗುಟ್ಟತ್ತೆ, ಟವೆಲ್ ನೋಡಿದ್ರೆ ನಂಗೇ ಹೇಸಿಗೆ. ಒಂದು ಕಟಿಂಗಿಗೆ ಮುಕ್ಕಾಲು ಗಂಟೆ, ಅದ್ರಲ್ಲಿ ಅರ್ಧ ಗಂಟೆ ಬರೀ ಮಾತು! ಕಾದು ಕಾದು ಇಬ್ರು ಎದ್ದು ಹೋದ್ರು."

ಅವನ ಮುಖ ಸಪ್ಪಗಾಯಿತು. ಆದರೂ ಕುರ್ಚಿಗೆ ಎಣ್ಣೆ ಬಿಟ್ಟ, ಹೊಸ ಟವೆಲ್ ತಂದ, ಬಾಯಿಗೆ ಬೀಗ ಹಾಕಿಕೊಂಡ. ಕೆಲಸವೇನೋ ಚುರುಕಾಯಿತು. ಆದರೆ ಹಳೆಯ ಗಿರಾಕಿ ಮೇಷ್ಟ್ರು ಗಾಬರಿಬಿದ್ದು, "ಯಾಕಪ್ಪಾ, ಹುಷಾರಿಲ್ವಾ?" ಎಂದು ಕೇಳಿದರು.

ಇನ್ನು ಹೊರಗಿನದು. ಅವಳು ಮೂರು ದಿನ ಎದುರಿನ ಕಟ್ಟಡದ ಮೆಟ್ಟಿಲ ಬಳಿ ಅಡ್ಡಾಡಿದಳು. ಕಾಲೇಜು ಹುಡುಗರು ಎರಡೆರಡು ಮೆಟ್ಟಿಲು ಹಾರಿ ಹತ್ತುತ್ತಿದ್ದರು. ಅವರು ತಮ್ಮಲ್ಲಿಗೆ ಬಂದಾರೆಂಬ ಆಸೆಯನ್ನು ಅಲ್ಲಿಗೇ ಬಿಟ್ಟಳು. ಮೂರನೇ ದಿನ ಒಬ್ಬ ಅಜ್ಜ ನಾಲ್ಕು ಮೆಟ್ಟಿಲು ಹತ್ತಿ, ಮಂಡಿ ಹಿಡಿದುಕೊಂಡು ವಾಪಸಾದರು. ಅವಳು ಹತ್ತಿರ ಹೋಗಿ ಮಾತಾಡಿಸಿದಳು.

"ನಂದು ಬಿಡಮ್ಮ, ಹೇಗೋ ಆಗತ್ತೆ. ಹಾಸಿಗೆ ಹಿಡಿದಿರೋ ನಮ್ಮಣ್ಣನ ಗಡ್ಡ ತೆಗೆಯೋರೇ ಇಲ್ಲ," ಎಂದರು.

ಸುತ್ತಲಿನ ಬೀದಿಗಳಲ್ಲಿ ವಿಚಾರಿಸಿದರೆ ಅಂಥ ಮನೆಗಳು ಹನ್ನೊಂದು ಸಿಕ್ಕವು. "ಮಲಗಿರೋರನ್ನ ನೋವಾಗ್ದಂಗೆ ಹೇಗೆ ಎತ್ತಿ ಕೂರಿಸ್ಬೇಕು ಅಂತ ನಾನು ಹೇಳ್ಕೊಡ್ತೀನಿ. ನಡೀರಿ," ಎಂದು ಗಂಡನನ್ನು ಹೊರಡಿಸಿದಳು.

ಮೊದಲ ಮನೆ ಆ ಅಜ್ಜನ ಅಣ್ಣನದೇ. ಮಲ್ಲ ತುಟಿಪಿಟಕ್ಕೆನ್ನದೆ ಒಂದು ಕೆನ್ನೆ ಮುಗಿಸಿದ. ಮುದುಕರು ಸಿಡುಕಿದರು: "ಮೂಗನ್ನ ಕರ್ಕೊಂಡು ಬಂದಿದೀಯೇನಮ್ಮ? ಆರು ತಿಂಗಳಿಂದ ಈ ಗೋಡೆ ನೋಡಿ ನೋಡಿ ಸಾಕಾಗಿದೆ. ಏನಾದ್ರೂ ಮಾತಾಡೋಕೆ ಹೇಳು."

ಹೆಂಡತಿ ನಗುತ್ತ ತಲೆಯಾಡಿಸಿದ್ದೇ ತಡ, ಕಟ್ಟೆ ಒಡೆಯಿತು. ಎರಡನೇ ಕೆನ್ನೆಗೆ ಒಂದು ಗಂಟೆ ಹಿಡಿಯಿತು. ಮುದುಕರು ನಕ್ಕು ನಕ್ಕು ಸೋಪಿನ ನೊರೆ ದಿಂಬಿಗೆಲ್ಲ ಹಾರಿಸಿದರು.

ಈಗ ಬೆಳಿಗ್ಗೆ ಅಂಗಡಿ, ಮಧ್ಯಾಹ್ನದ ಮೇಲೆ ಮನೆಮನೆ. ಮೊನ್ನೆ ಸಲೂನಿನ ಯಜಮಾನನೇ ಕೆಳಗಿಳಿದು ಬಂದು, ತನ್ನ ತಾತನಿಗೆ ಯಾವಾಗ ಬರುತ್ತೀರೆಂದು ಕೇಳಿದ. ಅವಳು ಡೈರಿ ತಿರುವಿಹಾಕಿದಳು.

"ಗುರುವಾರ ನಾಲ್ಕು ಗಂಟೆಗೆ. ಅದಕ್ಕೂ ಮುಂಚೆ ನಮ್ಮವರಿಗೆ ಪುರುಸೊತ್ತಿಲ್ಲಪ್ಪ."