ಚೀಟಿಯಲ್ಲಿ ಬರೆದ ಕೀಲಿಕೈ

ನೀಲಗಿರಿಯ ಹುಬ್ಬತಲೈ ಬಳಿಯ ಒಂದೇ ಕೋಣೆಯ ಕ್ಲಿನಿಕ್ಕಿನಲ್ಲಿ ಒಬ್ಬ ಡಾಕ್ಟರಮ್ಮ ಇದ್ದರು; ಹೊಟ್ಟೆನೋವೆಂದು ಬಂದವರನ್ನು ಪರೀಕ್ಷಿಸಿದ ಮೇಲೆ ಪೆನ್ನು ಕೆಳಗಿಟ್ಟು, “ಬೆಳಿಗ್ಗೆ ಎದ್ದಲ್ಲಿಂದ ಹೇಳಿ” ಎನ್ನುತ್ತಿದ್ದರು.

ಒಂದು ದಿನ ನಾನೂ ಅಲ್ಲಿ ಕಾಯುತ್ತಿದ್ದೆ. ಚಹಾ ಎಲೆ ಕೀಳುವ ಹೆಂಗಸೊಬ್ಬಳು ಬಂದಳು. ತಿಂಗಳುಗಟ್ಟಲೆ ಮಲಬದ್ಧತೆ, ಹೊಟ್ಟೆಯುಬ್ಬರ. ದೊಡ್ಡಾಸ್ಪತ್ರೆಯ ಪರೀಕ್ಷೆಗಳಲ್ಲಿ ಏನೂ ಸಿಕ್ಕಿರಲಿಲ್ಲ.

“ನಂಗೆ ಕ್ಯಾನ್ಸರೇ ಅಮ್ಮಾ. ಎಲ್ಲರೂ ಮುಚ್ಚಿಡ್ತಿದ್ದಾರೆ,” ಎಂದು ಅತ್ತಳು.

“ಸಾಯೋದು ಆಮೇಲೆ, ಅಕ್ಕಾ. ಬೆಳಿಗ್ಗೆ ಎದ್ದಲ್ಲಿಂದ ಹೇಳಿ.”

ಅವಳು ಹೇಳಿದ ಇಡೀ ದಿನದಲ್ಲಿ ನೀರಿನ ಮಾತೇ ಬರಲಿಲ್ಲ. ಡಾಕ್ಟರಮ್ಮ ಅದನ್ನೇ ಕೇಳಿದರು.

“ಸಂಜೆ ಮನೇಲಿ ಕುಡೀತೀನಿ. ತೋಟದಲ್ಲಿ ಕುಡಿದ್ರೆ ಎಲ್ಲಿಗೆ ಹೋಗ್ಲಿ? ಪೊದೆ ಹಿಂದೆ ಕಾಡೆಮ್ಮೆ ನಿಂತಿರುತ್ತೆ.”

“ಶೌಚಾಲಯ ಇಲ್ವಾ?”

“ಎಲೆ ತೂಗೋ ಶೆಡ್ ಹಿಂದೆ ಇದೆ. ಬೀಗ. ಕೀಲಿಕೈ ಓನರ್ ಜೇಬಲ್ಲಿ. ಗಂಡಸಿನ ಹತ್ರ ಹೇಗೆ ಕೇಳೋದು?”

ಡಾಕ್ಟರಮ್ಮ ಚೀಟಿ ಬರೆದರು. ಔಷಧಿಯ ಜಾಗದಲ್ಲಿ ಎರಡೇ ಸಾಲು: ನೀರು, ಗಂಟೆಗೊಂದು ಲೋಟ. ಶೌಚಾಲಯದ ಕೀಲಿಕೈ, ದಿನವಿಡೀ. ಕೆಳಗೆ ಸಹಿ, ಮೊಹರು.

“ಇದನ್ನ ಓನರ್ ಕೈಗೆ ಕೊಡಿ. ಬಾಯಿಬಿಟ್ಟು ಏನೂ ಕೇಳ್ಬೇಡಿ.”

ಇಂಥ ಚೀಟಿಯನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ, ಆಮೇಲೂ ನೋಡಿಲ್ಲ.

ಮುಂದಿನ ತಿಂಗಳು ಅವಳು ನಗುತ್ತ ಬಂದಳು. ಕೊರಳಿನ ದಾರದಲ್ಲಿ ಕೀಲಿಕೈ ತೂಗುತ್ತಿತ್ತು.

“ಬೇಗ ನೋಡಿ ಅಮ್ಮಾ,” ಎಂದಳು. “ತೋಟದಲ್ಲಿ ಹೆಂಗಸರೆಲ್ಲ ನನ್ನನ್ನೇ ಕಾಯ್ತಿದ್ದಾರೆ.”