ದಪ್ಪ ಪದರವನ್ನು ನಂಬಿ ಭಾಗಮಂಡಲಕ್ಕೆ

ಕುಶಾಲನಗರದಿಂದ ಜೀಪು ಮಾಡುವವರಿಗೆ ಒಂದು ಮಾತು: ಬಾಡಿಗೆ ಕುದುರುವ ತನಕ ಸಾಮಾನು ತೋರಿಸಬೇಡಿ. ನಾನು ಕುದುರಿಸಿ ಮುಗಿಸುವಷ್ಟರಲ್ಲಿ ಅಕ್ಕನ ಮಗಳು ರಶ್ಮಿ ತನ್ನ ಕುಲುಮೆ ಪೆಟ್ಟಿಗೆಯನ್ನು ಎದುರಿಗೇ ತಂದಿಟ್ಟಳು. ಡ್ರೈವರ್ ಇನ್ನೂ ಮುನ್ನೂರು ಏರಿಸಿದ.

ರಶ್ಮಿ ಮೈಸೂರಿನಲ್ಲಿ ಇಂಧನ ಕೋಶದ ಸಂಶೋಧನೆ ಮಾಡುತ್ತಾಳೆ. ಪಿಂಗಾಣಿಯಂಥ ಬಿಲ್ಲೆಗಳನ್ನು ಕೆಂಪಗೆ ಕಾಯಿಸಿ, ಒಂದು ಬದಿಗೆ ಗ್ಯಾಸು, ಇನ್ನೊಂದು ಬದಿಗೆ ಗಾಳಿ ಬಿಟ್ಟರೆ ಕರೆಂಟು ಬರುತ್ತದಂತೆ. ಭಾಗಮಂಡಲದ ಹತ್ತಿರ ಪೊನ್ನಪ್ಪನವರ ಎಸ್ಟೇಟಿನಲ್ಲಿ ನಾನೇ ಕೂರಿಸಿದ ಗೊಬ್ಬರ ಗ್ಯಾಸಿನ ತೊಟ್ಟಿಯಿದೆ. ಆ ಗ್ಯಾಸಿನ ಕರೆಂಟಿಗೆ ಮೂರು ದೀಪ ನಿಂತು ಉರಿದರೆ ಮಳೆಗಾಲ ಪೂರ್ತಿ ಅವರ ಶೆಡ್ಡಿನಲ್ಲಿ ಪ್ರಯೋಗ, ಇಲ್ಲದಿದ್ದರೆ ಗಂಟುಮೂಟೆ ಎಂಬುದು ಅವರ ಷರತ್ತು. ಬೇರೆ ಯಾರೂ ಅವಳಿಗೆ ಜಾಗ ಕೊಟ್ಟಿರಲಿಲ್ಲ.

ಮಡಿಕೇರಿಯಲ್ಲಿ ಮಳೆ ಹಿಡಿಯಿತು. ಹೋಟೆಲಿನಲ್ಲಿ ರೊಟ್ಟಿ, ಕಳಲೆ ಪಲ್ಯ ತಿನ್ನುತ್ತ ಅವಳು ಎರಡು ಬಗೆಯ ಬಿಲ್ಲೆ ತೋರಿಸಿದಳು. ಒಂದಕ್ಕೆ ಗ್ಯಾಸಿನ ಬದಿಯಲ್ಲಿ ಒಂದೇ ದಪ್ಪ ಪದರ. ಇನ್ನೊಂದಕ್ಕೆ ಒಳಗೆ ನುಣ್ಣನೆಯ ತೆಳು ಪದರ, ಅದರ ಮೇಲೆ ತೂತು ತೂತಾದ ಒರಟು ಪದರ.

"ದಪ್ಪದ್ದೇ ಹಾಕಮ್ಮ. ಗಿರಾಕಿಗೆ ಮಾಲು ಕಾಣ್ಬೇಕು."

"ಇದೇನು ಕಂಬಳಿನಾ ಮಾವ? ದಪ್ಪ ಆದ್ರೆ ಗ್ಯಾಸು ಒಳಗೆ ಹೋಗಲ್ಲ, ಹುಟ್ಟಿದ ಆವಿ ಹೊರಗೆ ಬರಲ್ಲ. ಕೆಲಸ ನಡೆಯೋದೇ ಒಳಗಿನ ತೆಳು ಪದರದಲ್ಲಿ."

"ನಾನು ವ್ಯಾಪಾರಕ್ಕೆ ಇಳಿದಾಗ ನೀನು ಹುಟ್ಟಿರಲಿಲ್ಲ ಕಣೆ."

ಶೆಡ್ಡು ಕೊಡಿಸಿದವನು ನಾನು. ಅವಳು ಎರಡು ಪದರದವನ್ನು ಚೀಲದ ತಳಕ್ಕೆ ಸೇರಿಸಿದಳು.

ಎಸ್ಟೇಟಿನಲ್ಲಿ ಆ ಕರೆಂಟಿನ ಕುಲುಮೆ ಕಾಯಿಸುವುದೇ ಒಂದು ಶಿಕ್ಷೆ. ಅವಸರ ಮಾಡಿದರೆ ಬಿಲ್ಲೆ ಬಿರಿಯುತ್ತದಂತೆ. ಪೊನ್ನಪ್ಪನವರು ಮೂರು ಸಲ ಬಂದು ಇಣುಕಿದರು. "ಎಂತ ಮಾರಾಯ್ರೆ, ಕರೆಂಟ್ ಹಾಕಿ ಕರೆಂಟ್ ತೆಗೀತೀರಾ?"

"ಸಣ್ಣದಕ್ಕೆ ಹಾಗೇ ಅಂಕಲ್. ದೊಡ್ಡದು ಮಾಡಿದ್ರೆ ತನ್ನ ಕಾವು ತಾನೇ ಉಳಿಸ್ಕೊಳ್ತದೆ," ಎಂದಳು ರಶ್ಮಿ.

ಸಂಜೆ ದಪ್ಪ ಪದರದ ಬಿಲ್ಲೆಗಳಿಂದ ಒಂದು ಪುಟ್ಟ ಬಲ್ಬು ಚೆನ್ನಾಗಿಯೇ ಹೊತ್ತಿತು. ನಾನು ಮೀಸೆ ತಿರುವಿದೆ. ಎರಡನೆಯದೂ ಹೊತ್ತಿತು. ಮೂರನೆಯ ಬಲ್ಬು ಸಿಕ್ಕಿಸಿದ್ದೇ ಮೂರೂ ಮಂಕಾದವು; ಅಷ್ಟಕ್ಕೆ ಬೇಕಾದ ಗ್ಯಾಸು ದಪ್ಪ ಪದರ ದಾಟಿ ಒಳಗೆ ಹೋಗುತ್ತಿರಲಿಲ್ಲ.

"ಸಾಮಾನು ಕಟ್ಟಿ," ಎಂದರು ಪೊನ್ನಪ್ಪನವರು.

ರಶ್ಮಿ ನನ್ನತ್ತ ನೋಡಲೂ ಇಲ್ಲ. ಬೈದಿದ್ದರೆ ವಾಸಿಯಿತ್ತು. ನಾಳೆ ಸಂಜೆಯವರೆಗೆ ಸಮಯ ಕೊಡಿ ಎಂದು ಒಂದು ಗಂಟೆ ಚೌಕಾಸಿ ಮಾಡಿದೆ. ತೊಟ್ಟಿಯ ಹಳೇ ಪೈಪನ್ನು ನನ್ನ ಖರ್ಚಿನಲ್ಲೇ ಬದಲಿಸಿಕೊಡುತ್ತೇನೆಂದ ಮೇಲೆ ಒಪ್ಪಿದರು. ಇಷ್ಟು ನಷ್ಟದ ವ್ಯಾಪಾರ ನಾನು ಎಂದೂ ಮಾಡಿದವನಲ್ಲ.

ಮರುದಿನ ಎರಡು ಪದರದವನ್ನು ಕೂರಿಸಿದಳು. ಮತ್ತೆ ಅದೇ ಆಮೆ ನಡಿಗೆಯ ಕಾವು, ಅದೇ ಮಳೆ, ಒಣಗದ ನನ್ನ ಸಾಕ್ಸು. ಸಂಜೆ ಮೂರು ಬಲ್ಬುಗಳೂ ಹೊತ್ತಿಕೊಂಡವು. ಕಾಫಿ ಬಂತು, ಕುಡಿದೆವು, ಲೋಟ ತಣ್ಣಗಾಯಿತು. ಬೆಳಕು ಕದಲಲಿಲ್ಲ.

"ಇರ್ಲಿ, ಮಳೆಗಾಲ ಮುಗೀಲಿ, ನೋಡುವ," ಎಂದರು ಪೊನ್ನಪ್ಪನವರು. ರಶ್ಮಿ ಅಲ್ಲೇ ಉಳಿದಳು.

ಕಡೇ ಬಸ್ಸಿಗೆ ಓಡುವಾಗ ತಿರುಗಿ ನೋಡಿದೆ. ಕೈ ಬೀಸುತ್ತಾಳೆಂದುಕೊಂಡರೆ, ಅವಳು ಪೊನ್ನಪ್ಪನವರ ಕೈಯಲ್ಲಿ ಕೊಡೆ ಹಿಡಿಸಿ, ತೊಟ್ಟಿಯ ಬಳಿ ಬಗ್ಗಿ ಗ್ಯಾಸಿನ ವಾಲ್ವು ತಿರುಗಿಸುತ್ತಿದ್ದಳು. ಆ ಮನುಷ್ಯನಿಂದ ಪುಕ್ಕಟೆ ಕೆಲಸ ಮಾಡಿಸುವುದು ಇಷ್ಟು ವರ್ಷದಲ್ಲಿ ನನ್ನಿಂದ ಆಗಿರಲಿಲ್ಲ.